ಮೊದಲಿನ ಫೋಟೋ, ನಂತರದ ಫೋಟೋ

ಮನೆಯ ಅಂಗಳ ಗುಡಿಸು ಎಂದು ಗಂಟಲು ಹರಿಯುವಂತೆ ಕೂಗಿದರೂ ಕೇಳಿಸದ ನನ್ನ ಮಗಳು, ಒಂದು ಶನಿವಾರ ಸಂಜೆ ಕಾಲೇಜಿನಿಂದ ಬಂದವಳೇ, ಇನ್ನು ಮೇಲೆ ಭಾನುವಾರ ಸಮುದ್ರದ ದಂಡೆ ಗುಡಿಸಲು ಹೋಗುತ್ತೇನೆ ಎಂದಳು. ದುಡ್ಡಿಗಲ್ಲವಂತೆ, ಸುಮ್ಮನೆ.

"ಸುಮ್ನೆ ಅಂದ್ರೆ ಎಂತ?" ಎಂದು ಕೇಳಿದೆ.

"ಸುಮ್ನೆ ಅಂದ್ರೆ ಸುಮ್ನೆ, ಆಯಿ. ಸೇವೆ. ಕುಮಟಾ, ಹೊನ್ನಾವರ, ಭಟ್ಕಳ, ಮೂರೂ ಕಡೆ ಕಾಲೇಜಿನವ್ರು ಸೇರ್ಕಂಡು ಮಾಡೂದು. ಟೀ ಶರ್ಟು, ಗ್ಲೌಸು ಅವ್ರೇ ಕೊಡ್ತ್ರು. ಚಾ, ಬಿಸ್ಕೀಟು ಸಹ."

"ಅವ್ರು ಅಂದ್ರೆ ಯಾರು?"

"ಬೆಂಗ್ಳೂರಿನ ಒಂದು ಸಂಸ್ಥೆ."

ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು. ಬೆಂಗಳೂರಿನಲ್ಲಿ ಕುಳಿತವರಿಗೆ ಕುಮಟಾ ಬದಿಯ ನಮ್ಮ ಬಾಡ ಊರಿನ ಮರಳಿನ ಚಿಂತೆ ಯಾಕೆ ಹತ್ತಿಕೊಂಡಿತು? ಅಲ್ಲಿ ಗುಡಿಸಲು ಬೀದಿ ಇಲ್ಲವೇ? ಬೆಳೆಯುವ ಮಕ್ಕಳಿಗೆ ಬಿಸ್ಕೀಟು ಕೊಟ್ಟು ಕಸ ಹೆಕ್ಕಿಸುವವರಿಗೆ ಆ ಕಸದ ಕೆಳಗಿರುವ ಯಾವುದೋ ಒಂದು ವಸ್ತು ಬೇಕಾಗಿರಬೇಕು ಎಂದು ನನಗೆ ಆಗಲೇ ಅನಿಸಿತು.

ನಾನು ಹುಟ್ಟಾ ಅನುಮಾನದ ಹೆಂಗಸು. ನನ್ನ ಗಂಡ ಬೇರೆಯವರ ಬೋಟಿನಲ್ಲಿ ಮೀನಿಗೆ ಹೋಗುತ್ತಾರೆ, ನಾನು ಮೀನು ಒಣಗಿಸಿ ಪೇಟೆಯಲ್ಲಿ ಮಾರುತ್ತೇನೆ. ಪಿಯುಸಿ ತನಕ ಓದಿದ್ದೇನೆ, ಕತೆ ಪುಸ್ತಕದ ಚಟವೂ ಇದೆ, ಆದರೆ ಮೀನಿನ ವ್ಯಾಪಾರ ಕಲಿಸಿದಷ್ಟು ಗುಮಾನಿಯನ್ನು ಯಾವ ಪುಸ್ತಕವೂ ಕಲಿಸಲಿಲ್ಲ. ಹೆಚ್ಚು ನಗುವ ಗಿರಾಕಿ ಕಂಡರೆ ನಾನು ಮೊದಲು ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ.

ದಂಡೆಯ ವಿಷಯದಲ್ಲಂತೂ ನನ್ನ ಗುಮಾನಿಗೆ ಕಾರಣವಿತ್ತು. ನನ್ನ ಅಕ್ಕನನ್ನು ಕೊಟ್ಟದ್ದು ದೂರದ ಒಂದು ದಂಡೆಯ ಊರಿಗೆ. ಊರಿನ ಹೆಸರು ಬೇಡ. ಅಲ್ಲಿಗೂ ಮೊದಲು ಕಸ ಹೆಕ್ಕುವವರು ಬಂದರಂತೆ. ಎಷ್ಟು ಒಳ್ಳೆಯ ಮಕ್ಕಳು ಎಂದು ಅಕ್ಕ ಎಳನೀರು ಕೆತ್ತಿ ಕೊಟ್ಟಿದ್ದಳು. ಆಮೇಲೆ ಬೆಂಚು ಬಂತು, ಬಣ್ಣದ ದೀಪ ಬಂತು, ಕೊನೆಗೆ ತಂತಿ ಬೇಲಿ ಬಂತು. ಬೇಲಿಯ ಮೇಲೆ, ಇಲ್ಲಿ ಮೀನು ಒಣಗಿಸಬಾರದು ಎಂಬ ಬೋರ್ಡು. ಈಗ ಅಕ್ಕ ಮನೆಯ ತಾರಸಿಯ ಮೇಲೆ ಒಂದೊಂದೇ ಬುಟ್ಟಿ ಹರಡಿಕೊಂಡು, ಕಾಗೆಗಳ ಜೊತೆ ಜಗಳವಾಡುತ್ತ ಇದ್ದಾಳೆ.

ನಮಗೆ ತಾರಸಿಯೂ ಇಲ್ಲ, ಇರುವುದು ಇಳಿಜಾರಿನ ತಗಡು. ಅಂಗಳದಲ್ಲಿ ಎರಡು ಸೀರೆ ಒಣಗಿಸಿದರೆ ಮೂರನೆಯದಕ್ಕೆ ಜಾಗವಿಲ್ಲ. ನನಗಿರುವುದು ದಂಡೆಯ ಮೇಲೆ, ಗಾಳಿಮರಗಳ ಎದುರಿನ ಒಂದು ತುಂಡು ಮರಳು. ಅತ್ತೆಯ ಅತ್ತೆಯ ಕಾಲದಿಂದ ಅದು ನಮ್ಮ ಮನೆಯ ಜಾಗ. ಯಾವ ಕಚೇರಿಯಲ್ಲೂ ಹಾಗೆಂದು ಬರೆದಿಲ್ಲ. ಆ ಕಡೆ ಮೀನು ಹರಡಲು ಹಾಸಿದ ನೆರೆಮನೆಯವಳ ಬಲೆ, ಈ ಕಡೆ ನನ್ನ ಬಲೆ, ನಡುವೆ ಓಡಾಡಲು ದಾರಿ. ಊರಿಗೆಲ್ಲ ಗೊತ್ತು, ಅಷ್ಟೇ. ಆ ಮರಳು ಹೋದರೆ ನನ್ನ ಕೆಲಸ ಹೋಯಿತು.

ಮಗಳಿಗೆ ಇದನ್ನೆಲ್ಲ ಹೇಳಿದೆ. "ಆಯಿ, ನಿಂಗೆ ಎಲ್ಲದ್ರಲ್ಲೂ ಕಳ್ರೇ ಕಾಣೂದು," ಎಂದಳು.

ಭಾನುವಾರ ಅವರು ಬಂದೇಬಿಟ್ಟರು. ಒಂದು ಟೆಂಪೋ ತುಂಬ ಹಸಿರು ಟೀ ಶರ್ಟಿನ ಹುಡುಗ ಹುಡುಗಿಯರು. ಅವರ ಜೊತೆ ಟೋಪಿ ಹಾಕಿದ ಒಬ್ಬ ತೆಳ್ಳಗಿನ ಮನುಷ್ಯ, ಎಲ್ಲರೂ ಅವನನ್ನು ಸರ್ ಎಂದು ಕರೆಯುತ್ತಿದ್ದರು. ನಾನು ನನ್ನ ಬಲೆಯ ಮೇಲೆ ಶೆಟ್ಲಿ ಹರಡುತ್ತಿದ್ದೆ. ನಾವು ಸೀಗಡಿಗೆ ಶೆಟ್ಲಿ ಎನ್ನುತ್ತೇವೆ. ಕಾಗೆ ಓಡಿಸುವ ಕೋಲು ಕೈಯಲ್ಲೇ ಇತ್ತು, ಅದನ್ನು ಕೆಳಗಿಡಲಿಲ್ಲ.

ಕೆಲಸವೇನೋ ನಿಯತ್ತಿನಿಂದ ಮಾಡಿದರು, ಇಲ್ಲ ಎನ್ನಲಾರೆ. ಬಾಟಲಿ, ಚಪ್ಪಲಿ, ಚಿಪ್ಸಿನ ಪ್ಯಾಕೆಟ್ಟು, ಸಮುದ್ರ ತಂದು ಎಸೆದದ್ದನ್ನೆಲ್ಲ ಚೀಲಕ್ಕೆ ತುಂಬಿದರು. ಒಬ್ಬ ಹುಡುಗ ನಾನು ಬಲೆಯ ಮೂಲೆಗೆ ಕಟ್ಟಲು ಇಟ್ಟಿದ್ದ ಹಗ್ಗದ ತುಂಡನ್ನೂ ಚೀಲಕ್ಕೆ ಹಾಕಿದ. ಹೋಗಿ ಕಸಿದುಕೊಂಡು ಬಂದೆ. ಮಗಳು ನಾಚಿಕೆಯಿಂದ ಆ ಕಡೆ ತಿರುಗಿದಳು. ಅದು ನನಗೆ ಸರಿಯಾಗಿಯೇ ನಾಟಿತು.

ಆ ಸರ್ ನನ್ನ ಹತ್ತಿರ ಬಂದು, ಬಹಳ ಮರ್ಯಾದೆಯಿಂದ, "ಈ ಜಾಗ ಯಾರದಮ್ಮಾ?" ಎಂದು ಕೇಳಿದ.

"ಎಂತಕ್ಕೆ?" ಎಂದೆ.

"ಸುಮ್ಮನೆ ಕೇಳಿದೆ."

ಮತ್ತೆ ಅದೇ ಸುಮ್ಮನೆ! ಇವರ ಬಾಯಲ್ಲಿ ಆ ಮಾತು ಕೇಳಿದಾಗಲೆಲ್ಲ ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಚಹಾದ ಹೊತ್ತಿಗೆ ಭಟ್ಕಳದಿಂದ ಬಂದ ಇಬ್ಬರು ಹುಡುಗಿಯರು ನನ್ನ ಬಲೆಯ ಹತ್ತಿರ ಕುಳಿತು, ನನ್ನ ಕಡೆ ನೋಡುತ್ತ ತಮ್ಮ ಮನೆಮಾತಾದ ನವಾಯತಿಯಲ್ಲಿ ಪಿಸುಪಿಸು ಶುರು ಮಾಡಿದರು. ಈ ಹೆಂಗಸಿಗೆ ಎಲ್ಲಿ ತಿಳಿಯುತ್ತದೆ ಎಂದುಕೊಂಡಿರಬೇಕು. ನೆರೆಯವರಿಂದ ಕಲಿತ ಕೊಂಕಣಿ ನನಗೆ ಚೆನ್ನಾಗಿ ಬರುತ್ತದೆ. ಎರಡೂ ಒಂದೇ ಅಲ್ಲ, ಆದರೆ ಗಮನ ಕೊಟ್ಟರೆ ಮುಕ್ಕಾಲು ಪಾಲು ಸಿಗುತ್ತದೆ. ಬೆನ್ನು ತಿರುಗಿಸಿ ಶೆಟ್ಲಿ ಮಗುಚುತ್ತ ಕಿವಿಯನ್ನು ಅವರ ಕಡೆ ಬಿಟ್ಟೆ. ಈಗ ಗುಟ್ಟು ಹೊರಬೀಳುತ್ತದೆ ಎಂದು ನಾನು ಉಸಿರು ಹಿಡಿದಿದ್ದರೆ, ಒಬ್ಬಳು ಹೇಳುತ್ತಿದ್ದುದು ಇಷ್ಟೇ: ಅವಳ ಅಜ್ಜಿ ಇದೇ ಒಣಶೆಟ್ಲಿಗೆ ತೆಂಗಿನಕಾಯಿ ಹಾಕಿ ಹುರಿಯುತ್ತಾಳೆ, ಈ ವಾಸನೆಗೆ ಹಸಿವು ತಡೆಯಲಾಗುತ್ತಿಲ್ಲ, ಕೇಳಿದರೆ ಈ ಸಿಟ್ಟಿನ ಹೆಂಗಸು ಒಂದು ಹಿಡಿ ಮಾರಬಹುದೇ? ಇನ್ನೊಬ್ಬಳು, ಕೋಲು ನೋಡು, ಕೇಳಬೇಡ ಎಂದಳು.

ಆ ವಾರ ಒಣಗಿದ್ದ ಶೆಟ್ಲಿಯಲ್ಲಿ ಒಂದು ಹಿಡಿ ಕಟ್ಟಿ ಅವಳಿಗೆ ಕೊಟ್ಟೆ. ಅನುಮಾನ ಮಾತ್ರ ಬಿಡಲಿಲ್ಲ. ಮಕ್ಕಳು ಒಳ್ಳೆಯವರಿರಬಹುದು, ಮಕ್ಕಳನ್ನು ಕಳಿಸುವವರು ಯಾರೋ!

ಹೀಗೆ ಕೆಲವು ತಿಂಗಳು ನಡೆಯಿತು. ಒಂದು ವಾರ ಹೊನ್ನಾವರದ ಕಡೆ, ಒಂದು ವಾರ ಭಟ್ಕಳದ ಕಡೆ, ಮತ್ತೆ ನಮ್ಮ ಕಡೆ. ಮಗಳು ಬದಲಾದಳು, ಅದೂ ನಿಜ. ನಾಲ್ಕು ಜನರೆದುರು ಬಾಯಿ ಬಿಡದಿದ್ದವಳು ಟೆಂಪೋದ ಮೆಟ್ಟಿಲ ಮೇಲೆ ನಿಂತು, ನೀವು ಆ ಕಡೆ, ನೀವು ಈ ಕಡೆ ಎಂದು ಜನ ಹಂಚುತ್ತಿದ್ದಳು. ನೋಡಿ ನನಗೆ ಹೆಮ್ಮೆಯಾಗುತ್ತಿತ್ತು. ಹೆಮ್ಮೆಯ ಬೆನ್ನಿಗೇ, ಇವಳನ್ನು ಮುಂದೆ ಬಿಟ್ಟುಕೊಂಡು ಯಾರೋ ಹಿಂದೆ ನಿಂತಿದ್ದಾರೆ ಎಂದೂ ಅನಿಸುತ್ತಿತ್ತು.

ಒಂದು ಶುಕ್ರವಾರ ಅವಳು ನನ್ನ ಹತ್ತಿರ ಬಂದು, ಪಾತ್ರೆ ತೊಳೆದು ಕೊಟ್ಟು, ಕಾಲು ಒತ್ತಲಾ ಎಂದು ಕೇಳಿದಳು. ಏನೋ ಬೇಕಾಗಿದೆ ಎಂದು ಗೊತ್ತಾಯಿತು.

"ಈ ಭಾನುವಾರ ಒಂದಿನ ಮೀನು ಹರಡಬೇಡ, ಆಯಿ. ಸಂಸ್ಥೆಯ ದೊಡ್ಡವ್ರು ನೋಡೂಕೆ ಬತ್ರು."

"ಅವ್ರು ಬಂದ್ರೆ ನನ್ನ ಮೀನು ಎಂತಕ್ಕೆ ಅಡಗಬೇಕು?"

"ಅಡಗೂದಲ್ಲ. ಒಂದೇ ಒಂದಿನ. ನಾನೇ ಲೀಡರ್ರು. ನನ್ನ ಮರ್ಯಾದೆ ಪ್ರಶ್ನೆ."

ಇಬ್ಬರೂ ಜೋರಾಗಿ ಜಗಳವಾಡಿದೆವು. ಅಕ್ಕನ ಬೇಲಿಯ ಕತೆಯನ್ನು ಮತ್ತೆ ತೆಗೆದೆ. ಅವಳು ಊಟ ಬಿಟ್ಟು ಮಲಗಿದಳು. ಅವಳ ಅಪ್ಪ, "ಒಂದಿನ ಅಲ್ದಾ, ಬಿಡು," ಎಂದರು. ಹಸಿದು ಮಲಗಿದ ಮಗಳ ಬೆನ್ನು ನೋಡಿ ನಾನು ಸೋತೆ. ಆ ಭಾನುವಾರ ಬುಟ್ಟಿಯನ್ನು ಹೊರಗೆ ತೆಗೆಯಲಿಲ್ಲ. ಬಲೆಯನ್ನೂ ಸುತ್ತಿ ಮನೆಗೆ ತಂದೆ. ಅವಳಿಗಾಗಿ ಮಾಡಿದೆ, ಬೇರೆ ಯಾರಿಗಾಗಿಯೂ ಅಲ್ಲ.

ಕೆಲವು ದಿನಗಳ ನಂತರ ಹೊನ್ನಾವರದ ಒಂದು ಸಭಾಭವನದಲ್ಲಿ ಕಾರ್ಯಕ್ರಮವಿತ್ತು. ಮಕ್ಕಳಿಗೆ ಸನ್ಮಾನ, ತಂದೆತಾಯಿಯರು ಬರಬೇಕು ಎಂದಿದ್ದರು. ನಾನು ಮದುವೆಗೆ ಉಡುವ ಸೀರೆ ಉಟ್ಟು, ಕೈಯನ್ನು ಲಿಂಬೆಹಣ್ಣಿನಿಂದ ತಿಕ್ಕಿ ತೊಳೆದು ಹೋದೆ. ಹಿಂದಿನ ಸಾಲಿನಲ್ಲಿ ಕುಳಿತೆ. ಅಲ್ಲಿಂದ ಎಲ್ಲರ ಬೆನ್ನು ಕಾಣುತ್ತದೆ, ನನ್ನ ಬೆನ್ನ ಹಿಂದೆ ಯಾರೂ ಇರುವುದಿಲ್ಲ.

ದೀಪ ಆರಿಸಿ ಪರದೆಯ ಮೇಲೆ ಫೋಟೋ ತೋರಿಸಿದರು. ಒಂದು ಫೋಟೋದ ಮೇಲೆ "ಮೊದಲು", ಪಕ್ಕದ್ದರ ಮೇಲೆ "ನಂತರ". ಭಟ್ಕಳದ ಒಂದು ಹಳ್ಳ: ಮೊದಲು ಪ್ಲಾಸ್ಟಿಕ್ಕು, ನಂತರ ನೀರು. ಚಪ್ಪಾಳೆ. ಹೊನ್ನಾವರದ ಒಂದು ಗೋಡೆಯ ಬದಿ: ಮೊದಲು ತಿಪ್ಪೆ, ನಂತರ ಗಿಡ. ಚಪ್ಪಾಳೆ. ನಾನೂ ಹೊಡೆದೆ.

ಆಮೇಲೆ ಬಾಡ ಬಂತು. "ಮೊದಲು" ಎಂಬುದರ ಕೆಳಗೆ ಒಬ್ಬ ಹೆಂಗಸು ಸೀರೆ ಎತ್ತಿ ಕಟ್ಟಿ, ಬಗ್ಗಿ ಶೆಟ್ಲಿ ಮಗುಚುತ್ತಿದ್ದಳು. ಸುತ್ತ ಹರಕು ಬಲೆ, ಬುಟ್ಟಿ, ನಾಯಿ. ಆ ಸೀರೆ ನನ್ನದು, ಆ ಬೆನ್ನು ನನ್ನದು. "ನಂತರ" ಎಂಬುದರಲ್ಲಿ ನನ್ನ ಜಾಗ ಖಾಲಿ. ಮರಳು, ಗಾಳಿಮರ, ಸಮುದ್ರ, ಅಷ್ಟೇ. ನಾನು ಬುಟ್ಟಿ ತೆಗೆಯದ ಆ ಭಾನುವಾರ.

ಚಪ್ಪಾಳೆ ಎಲ್ಲಕ್ಕಿಂತ ಜೋರಾಗಿ ಬಿತ್ತು.

ವೇದಿಕೆಯ ಮೇಲಿದ್ದ ಅತಿಥಿಯೊಬ್ಬರು, ಇಂಥ ಸುಂದರ ಜಾಗದಲ್ಲಿ ನಾಲ್ಕು ಬೆಂಚು ಹಾಕಿ, ನಡೆಯಲು ದಾರಿ ಮಾಡಿದರೆ ಎಷ್ಟು ಚೆನ್ನ ಎಂದರು. ಅಕ್ಕನ ಊರಿಗೂ ಬೇಲಿಗಿಂತ ಮೊದಲು ಬಂದದ್ದು ಬೆಂಚೇ. ಮಗಳು ವೇದಿಕೆಯ ಒಂದು ಬದಿಯಲ್ಲಿ ಉಳಿದ ಮಕ್ಕಳ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು. ತಟ್ಟುತ್ತಲೇ ಪರದೆಯ ಕಡೆ ತಿರುಗಿದಳು. ಕೈ ನಿಂತಿತು. ಕತ್ತಲಲ್ಲಿ ನನ್ನನ್ನು ಹುಡುಕಿದಳು, ನಾನು ತಲೆ ತಗ್ಗಿಸಿದೆ. ಜೀವನದಲ್ಲಿ ಯಾರೆದುರೂ ನಾನು ಅಷ್ಟು ಸಣ್ಣವಳಾಗಿರಲಿಲ್ಲ. ನನ್ನನ್ನು ಯಾರೂ ಬೈದಿರಲಿಲ್ಲ, ನನ್ನನ್ನು ಗುಡಿಸಿ ಹಾಕಿ ಖುಷಿಪಟ್ಟಿದ್ದರು.

ಕುಮಟಾದ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕುಳಿತಳು. ಬಹಳ ದೂರ ಬಂದ ಮೇಲೆ ಕೇಳಿದೆ, "ಆ ಫೋಟೋ ತೆಗ್ದದ್ದು ಯಾರು?"

"ನಾನು," ಎಂದಳು. "ಮೊದ್ಲ ದಿನ. ಚೆಂದ ಕಂಡಿದ್ದೆ ನೀನು. ನನ್ನ ಆಯಿ ಅಂದ್ಕಂಡು ಗ್ರೂಪಿಗೆ ಹಾಕಿದ್ದೆ. ಅವ್ರು ಹೀಂಗೆ ಮಾಡ್ತ್ರು ಅಂತ ನಂಗೆ ಗೊತ್ತಿರ್ಲಿಲ್ಲ, ಆಯಿ."

ಅಳುತ್ತಿದ್ದಳು. ನಂಬಬೇಕಿತ್ತು. ಆದರೆ ಮೀನು ಹರಡಬೇಡ ಎಂದವಳೂ ಇವಳೇ, ಹಗ್ಗ ಕಸಿದಾಗ ಮುಖ ತಿರುಗಿಸಿದವಳೂ ಇವಳೇ. ಬೆಂಗಳೂರಿನವರ ಮೇಲೆ, ಸರ್ ಮೇಲೆ, ಪಾಪದ ಭಟ್ಕಳದ ಹುಡುಗಿಯರ ಮೇಲೆ ಅನುಮಾನಪಟ್ಟಾಗ ನನಗೆ ಒಂದು ಬಗೆಯ ಬಲ ಬರುತ್ತಿತ್ತು. ಹೆತ್ತ ಮಗಳ ಮೇಲೆ ಬಂದ ಅನುಮಾನ ಇದ್ದ ಬಲವನ್ನೂ ಕಿತ್ತುಕೊಂಡಿತು. ಅವಳ ತಲೆ ಸವರಲು ಎತ್ತಿದ ಕೈಯನ್ನು ಮತ್ತೆ ಮಡಿಲಲ್ಲಿ ಇಟ್ಟುಕೊಂಡೆ.

ಆ ವಾರವಿಡೀ ಅವಳು ಅಡುಗೆಮನೆಯ ಹಿಂದೆ ನಿಂತು ಫೋನಿನಲ್ಲಿ ಯಾರ ಜೊತೆಗೋ ಏರಿದ ದನಿಯಲ್ಲಿ ವಾದ ಮಾಡುತ್ತಿದ್ದಳು. ನಾನು ಹತ್ತಿರ ಹೋದರೆ ನಿಲ್ಲಿಸುತ್ತಿದ್ದಳು. ಸಹಜವಾಗಿ ನನ್ನ ಗುಮಾನಿ ಇನ್ನೂ ಹೆಚ್ಚಾಯಿತು.

ಭಾನುವಾರ ಬೆಳಿಗ್ಗೆ ನಾನು ಬುಟ್ಟಿ ಎತ್ತುವಾಗ ಅವಳು ಹಸಿರು ಟೀ ಶರ್ಟು ಹಾಕಿಕೊಂಡು ಎದುರಿಗೆ ನಿಂತಿದ್ದಳು. ಮತ್ತೆ ಬೇಡ ಎನ್ನಲು ಬಂದಳು ಎಂದುಕೊಂಡು ಹಲ್ಲು ಕಚ್ಚಿ ಹಿಡಿದೆ. ಅವಳು ಬುಟ್ಟಿಯ ಇನ್ನೊಂದು ಬದಿಯನ್ನು ಹಿಡಿದಳು. ಇಬ್ಬರೂ ದಂಡೆಗೆ ಹೋದೆವು. ಬಲೆ ಹಾಸಿ, ಶೆಟ್ಲಿ ಹರಡಿದೆವು. ಟೀ ಶರ್ಟಿಗೆಲ್ಲ ನೀರು, ಶೆಟ್ಲಿಯ ಸಿಪ್ಪೆ, ವಾಸನೆ.

ಟೆಂಪೋ ಬಂತು. ಸರ್ ಇಳಿದು ನಮ್ಮನ್ನು ನೋಡಿ ಟೋಪಿ ಸರಿಮಾಡಿಕೊಂಡ. ಮಗಳು ಹೋಗಿ ಅವನ ಎದುರು ನಿಂತಳು.

"ಸರ್, ಫೋನಲ್ಲಿ ಹೇಳಿದ್ದೇ ಮತ್ತೆ ಹೇಳ್ತೆ. ಸಮುದ್ರ ತಂದು ಹಾಕಿದ್ದು ಕಸ. ನಮ್ಮ ಬಲೆ, ಮೀನು ಕಸ ಅಲ್ಲ. ಆ ಫೋಟೋ ಅಲ್ಲಿಂದ ತೆಗ್ದು ಹಾಕ್ದೇ ಇದ್ರೆ ನಾ ಬರೂದಿಲ್ಲ. ಇವ್ರೂ ಬರೂದಿಲ್ಲ."

ಹಿಂದೆ ಭಟ್ಕಳದ ಆ ಇಬ್ಬರು ಹುಡುಗಿಯರು ಕೈಕಟ್ಟಿ ನಿಂತಿದ್ದರು. ಒಂದು ಹಿಡಿ ಶೆಟ್ಲಿ ಇಷ್ಟು ಕೆಲಸ ಮಾಡುತ್ತದೆ ಎಂದು ನಾನು ಎಣಿಸಿರಲಿಲ್ಲ. ಸರ್, ಫೋಟೋ ಬದಲಿಸುತ್ತೇವೆ, ಅತಿಥಿಗಳಿಗೂ ಹೇಳುತ್ತೇವೆ ಎಂದ. ಅವನ ಮಾತನ್ನು ನಾನು ಈಗಲೂ ಪೂರ್ತಿ ನಂಬಿಲ್ಲ. ಬೆಂಚಿನ ಸುದ್ದಿ ಮತ್ತೆ ಬಂದಿಲ್ಲ, ಬರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ.

ಮಕ್ಕಳು ನನ್ನ ಬಲೆಯ ಸುತ್ತಲಿನ ಕಸವನ್ನು ಹೆಕ್ಕಿದರು. ಹಗ್ಗದ ತುಂಡು ಸಿಕ್ಕಾಗ ಮೊದಲ ದಿನದ ಆ ಹುಡುಗ ನನ್ನ ಹತ್ತಿರ ತಂದು, "ಇದು ಬೇಕಾ?" ಎಂದು ಕೇಳಿದ. ಬಿಸಿಲು ಏರುವ ಹೊತ್ತಿಗೆ ದಂಡೆ ಕನ್ನಡಿಯಷ್ಟು ಚೊಕ್ಕಟವಾಗಿತ್ತು, ನಡುವೆ ನನ್ನ ಶೆಟ್ಲಿ ಕೆಂಪಗೆ ಹರಡಿತ್ತು.

ಮಗಳು ಫೋನು ಎತ್ತಿದಳು. "ಆಯಿ, ಬಗ್ಗಬೇಡ. ಎದ್ದು ನಿಂತ್ಕ."

ಎದ್ದೆ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡೆ. ಆಮೇಲೆ ಕೋಲನ್ನು ಅಡ್ಡ ಹಿಡಿದೆ.

"ನಿಲ್ಲು. ಇದು ಮೊದ್ಲಿನದೋ, ನಂತರದ್ದೋ?"

ಅವಳು ಫೋನು ಇಳಿಸಿ ನನ್ನನ್ನೇ ನೋಡಿದಳು. ಕಣ್ಣು ತುಂಬಿತ್ತು. "ನಂತರದ್ದು," ಎಂದಳು.

"ಹಾಂಗಾರೆ ಮೊದ್ಲು ಬರಿ. ನಾ ನೋಡ್ಬೇಕು."

ಅವಳು ನಿಂತಲ್ಲೇ ಬರೆದು ಫೋನನ್ನು ನನ್ನ ಕೈಗೆ ಕೊಟ್ಟಳು. ಬಿಸಿಲಿಗೆ ಕೈ ಅಡ್ಡ ಹಿಡಿದು ಓದಿದೆ. "ನಂತರ. ಬಾಡದ ದಂಡೆ. ಇಲ್ಲಿ ನನ್ನ ಆಯಿ ಮೀನು ಒಣಗಿಸುತ್ತಾಳೆ." ಇನ್ನೊಂದು ಸಲ ಓದಿದೆ. ಫೋನಿಗೆ ಅಂಟಿದ ಸಿಪ್ಪೆಯನ್ನು ಸೆರಗಿನಿಂದ ಒರೆಸಿ ಅವಳಿಗೆ ವಾಪಸು ಕೊಟ್ಟೆ.

"ಆತು," ಎಂದೆ. "ಈಗ ತೆಗಿ."