ಮುಖ ಕೆಳಗಾಗಿ ಮಲಗಿದ್ದ ಕಲ್ಲು

ಮೂಡಲಗಿಯ ಶಾಲೆಯಲ್ಲಿ ಇತಿಹಾಸ ಕಲಿಸುವ ನನಗೆ ಒಂದು ಬೇಸಿಗೆ ರಜೆಯಲ್ಲಿ ಹೊಸ ಹುಚ್ಚು ಹಿಡಿಯಿತು. ನಮ್ಮ ಸೀಮೆ ನೋಡಲು ಬರುವವರಿಗಾಗಿ ಸಣ್ಣದೊಂದು ಪುಸ್ತಕ ಬರೆಯಬೇಕು ಎಂದು. ಗೋಕಾಕದ ಭಾಗ ಎರಡೇ ದಿನದಲ್ಲಿ ಮುಗಿಯಿತು. ತೂಗುಸೇತುವೆ, ಜಲಪಾತದ ದಂಡೆಯ ಹಳೆಯ ಗುಡಿ, ಇಂಗ್ಲಿಷರ ಕಾಲದ ಗಿರಣಿ, ಎಲ್ಲವೂ ಚಿಕ್ಕಂದಿನಿಂದ ಕಂಡವೇ. ಹುಕ್ಕೇರಿಯ ಗುಮ್ಮಟಗಳನ್ನೂ ಬರೆದೆ. ಉಳಿದದ್ದು ಹತ್ತರಗಿ ಕಡೆಯ ರಸ್ತೆಯಲ್ಲಿದ್ದ, ಇಂಗ್ಲಿಷ್ ದೊರೆಗಳು ಇಳಿದುಕೊಳ್ಳುತ್ತಿದ್ದ ಹಳೆಯ ಬಂಗಲೆ.

ಅಲ್ಲಿ ಕಾವಲುಗಾರನೊಬ್ಬ ಇದ್ದ. ಆವರಣದಲ್ಲಿ ಕುರಿ ಮೇಯಿಸುತ್ತಿದ್ದ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕುಡಿಯುವ ನೀರು ಕೇಳಲು ಬಂದಿದ್ದಳು. ನಾನು ಜಗುಲಿ ಹತ್ತಲು ಕಾಲೆತ್ತಿದಾಗ ಅವಳು ತಡೆದಳು.

"ಆ ನಡುವಿನ ಮೆಟ್ಟಲ ಮ್ಯಾಲ ಕಾಲಿಡಬ್ಯಾಡ್ರಿ ಅಕ್ಕಾರ, ದಾಟಿ ಹೋಗ್ರಿ."

ಯಾಕೆಂದು ಕೇಳಿದೆ. ಅವಳ ಅತ್ತೆ ಈ ಬಂಗಲೆಯ ಕಸ ಗುಡಿಸುತ್ತಿದ್ದಳಂತೆ. ದಿನಾ ಆ ಮೆಟ್ಟಿಲನ್ನು ದಾಟಿಯೇ ಹತ್ತುತ್ತಿದ್ದಳಂತೆ. ಅತ್ತೆಯ ಅತ್ತೆಯೂ ಹಾಗೇ. ಕಾರಣ ಮಾತ್ರ ಯಾರೂ ಹೇಳಿರಲಿಲ್ಲ. ಕಾವಲುಗಾರ ನಕ್ಕು, ಇದು ಸುಮ್ಮನೆ ಹೆಂಗಸರ ರೂಢಿ ಎಂದ.

ನನಗೆ ಸುಮ್ಮನಿರಲಾಗಲಿಲ್ಲ. ಆ ಮೆಟ್ಟಿಲ ಕಲ್ಲಿನ ಕೆಳಗಿನ ಮಣ್ಣು ಒಂದು ಕಡೆ ಮಳೆಗೆ ಕೊಚ್ಚಿಹೋಗಿತ್ತು. ಚೇಳು ಇರಬಹುದೆಂದು ಕಾವಲುಗಾರ ಎಚ್ಚರಿಸಿದ್ದರಿಂದ ಮೊದಲು ಕಡ್ಡಿಯಾಡಿಸಿ, ಆಮೇಲೆ ಕೈ ಹಾಕಿದೆ. ಒರಟು ಕಲ್ಲನ್ನು ನಿರೀಕ್ಷಿಸಿದ್ದ ಬೆರಳಿಗೆ ನಾಲ್ಕು ಸಣ್ಣ ಕಾಲುಗಳು, ಒಂದು ಗುಂಡನೆಯ ಹೊಟ್ಟೆ ಸಿಕ್ಕವು. ಕಲ್ಲಿನಲ್ಲಿ ಕೆತ್ತಿದ ಯಾವುದೋ ಪ್ರಾಣಿ.

ಮರುದಿನವೇ ಹುಕ್ಕೇರಿಗೆ ಹೋಗಿ ಕಟ್ಟಡ ನೋಡಿಕೊಳ್ಳುವ ಎಂಜಿನಿಯರರನ್ನು ಕಂಡೆ. ಮೆಟ್ಟಿಲುಗಳು ಹೇಗೂ ಸಡಿಲಾಗಿವೆ, ಕಿತ್ತು ಮತ್ತೆ ಕೂಡಿಸುವ ದಿನ ತಿಳಿಸುತ್ತೇನೆ ಎಂದರು. ಮೂರು ವಾರದ ಮೇಲೆ ಫೋನು ಬಂತು.

ನಾಲ್ಕು ಜನ ಹಾರೆ ಹಾಕಿ ಕಲ್ಲನ್ನು ಮಗುಚಿದರು. ಕುರಿಯವಳು ಪಕ್ಕದಲ್ಲೇ ನಿಂತಿದ್ದಳು. ತಾನೇ ಕೊಡದಿಂದ ನೀರು ಸುರಿದು, ಸೆರಗಿನಿಂದ ಮಣ್ಣು ಒರೆಸಿದಳು. ಕೋಲು ಹಿಡಿದ ಗಂಡಸು, ಕಾಲ ಬಳಿ ನಾಯಿ, ಹಿಂದೆ ಎರಡು ಕುರಿ, ಎದುರಿಗೆ ಬಾಯಿ ತೆರೆದ ತೋಳ. ಕುರಿ ಕಾಯುತ್ತ ಸತ್ತವನ ವೀರಗಲ್ಲು. ಕೆಳಗೆ ಅಕ್ಷರಗಳಿದ್ದವು, ಆದರೆ ಸವೆದುಹೋಗಿ ಒಂದನ್ನೂ ಓದಲಾಗಲಿಲ್ಲ.

ಅವಳು ಕೆತ್ತಿದ ಗಂಡಸಿನ ಹೆಗಲ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಕಂಬಳಿ ನಮ್ಮವರಂಗ ಹೊತ್ತಾನ ನೋಡ್ರಿ."

ಬಂಗಲೆ ಕಟ್ಟುವಾಗ ಇದನ್ನು ಬೋರಲು ಹಾಕಿದವರು ಯಾರು? ನುಣುಪು ಬದಿ ಮೇಲಿರಲೆಂದು ಹಾಕಿರಬೇಕು, ಅಷ್ಟೇ, ಎಂದ ಕಾವಲುಗಾರ. ಅವಳು ಒಪ್ಪಲಿಲ್ಲ.

"ಹಾಕಿದಾಂವ ನಮ್ಮಾಂವನ ಇರಬೇಕ್ರಿ. ದೊರಿ ಬೂಟು ಇವನ ಮಾರಿ ಮ್ಯಾಲ ಬೀಳಬಾರದಂತ ಹಿಂಗ ಮಾಡ್ಯಾನ."

ಎರಡೂ ಖರೆ ಇರಬಹುದು ಅನ್ನಿಸಿತು. ಪುಸ್ತಕದಲ್ಲಿ ಬಂಗಲೆಗೆ ಇಟ್ಟಿದ್ದ ಐದು ಸಾಲು ಹೊಡೆದುಹಾಕಿ, ಇಬ್ಬರ ಮಾತನ್ನೂ ಬರೆದೆ.

ಈಗ ಕಲ್ಲು ಬೇವಿನ ಮರದ ಕೆಳಗೆ ನಿಂತಿದೆ. ಹೆದ್ದಾರಿಯಿಂದ ಕಾರು ತಿರುಗಿಸಿ ಬಂದವರಿಗೆ ಅವಳೇ ತೋರಿಸುತ್ತಾಳೆ. ಸತ್ತವನ ಹೆಸರೇನೆಂದು ಕೇಳಿದರೆ, ತನಗೆ ಗೊತ್ತಿಲ್ಲ ಎಂದು ಹೇಳಿ, ನಿಮ್ಮಲ್ಲಿ ಯಾರಿಗಾದರೂ ಈ ಅಕ್ಷರ ಓದಲು ಬರುತ್ತದೆಯೇ ಎಂದು ಅವರನ್ನೇ ಕೇಳುತ್ತಾಳೆ.