ಸಾಯಿಮಾಳ ಮಾತು ದಾಟಿಸಿದ ಗುಂಡಮ್ಮ

ಹಲಬರ್ಗಾದ ಗುಂಡಮ್ಮ ಜೈಲಿನಲ್ಲಿ ಹೆಣ್ಣುಮಕ್ಕಳನ್ನು ಕಾಯುವ ವಾರ್ಡರು. "ಗುಂಡಮ್ಮಕ್ಕಾ, ವಕೀಲರಿಗಿಂತ ನಿನ್ನ ಬಾಯಿ ಜೋರದ ನೋಡು" ಎಂದು ಒಳಗಿನವರು ಕಾಡಿಸುತ್ತಿದ್ದರು. ಬಾಯಿ ಜೋರೇನೋ ಹೌದು. ಆದರೆ ಗಂಡಸರೆದುರು ಮೈಯ ಮಾತು ಬಂತೆಂದರೆ ಆ ಬಾಯಿಗೆ ಬೀಗ.

ಜೈಲಿಗೆ ಬುಧವಾರಕ್ಕೊಮ್ಮೆ ಬರುವ ಡಾಕ್ಟರು ಮೈಸೂರು ಕಡೆಯವರು, ದಖನಿ ಉರ್ದು ತಿಳಿಯದು. ಔರಾದಿನ ಸಾಯಿಮಾಳ ಕನ್ನಡ ಅಷ್ಟಕ್ಕಷ್ಟೆ. ಜಾಮೀನಿಗೆ ಕಾಯುತ್ತಿದ್ದ ಇಪ್ಪತ್ತನಾಲ್ಕರ ಹೆಣ್ಣು. ಹೊರಗೆ ಹೋದರೆ ಒಂದು ಕೂಸು ಬೇಕೆಂಬುದೇ ಅವಳ ಜಪ. ಇವರಿಬ್ಬರ ನಡುವೆ ಮಾತು ದಾಟಿಸುವವಳು ಗುಂಡಮ್ಮ.

ಬಿಳಿ ಹೋಗುತ್ತದೆ, ನಾರುತ್ತದೆ, ಕಿಬ್ಬೊಟ್ಟೆ ಉರಿಯುತ್ತದೆ ಎಂದು ಸಾಯಿಮಾ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು.

"ಏನಂತೆ?" ಡಾಕ್ಟರು ಕೇಳಿದರು. ಬಾಗಿಲಲ್ಲಿ ಪೊಲೀಸ ನಂದಕುಮಾರ ನಿಂತಿದ್ದ.

ಗುಂಡಮ್ಮ ನೆಲ ನೋಡಿದಳು. "ಹೊಟ್ಟಿನೋವಂತರಿ."

ಗ್ಯಾಸಿನ ಗುಳಿಗೆ ಸಿಕ್ಕವು. ಮುಂದಿನ ಬುಧವಾರವೂ ಅದೇ ಗುಳಿಗೆ. ಹೀಗೇ ಮೂರು ತಿಂಗಳು.

"ಆಪಾ, ಬರೋಬರ್ ಬೋಲೇ ನಾ?" ಸರಿಯಾಗಿ ಹೇಳಿದೆ ತಾನೆ ಎಂದು ಸಾಯಿಮಾ ಒಮ್ಮೆ ಕೇಳಿದಳು.

"ಸಬ್ ಬೋಲಿ ಬೇಟಿ", ಎಲ್ಲ ಹೇಳಿದೆ ಎಂದಳು ಗುಂಡಮ್ಮ. ಬರುವ ವಾರ ಹೇಳಿದರಾಯಿತು ಅಂದುಕೊಂಡಳು. ಬರುವ ವಾರ ಬಂತು, ಹೋಯಿತು.

ಒಂದು ಬೆಳಿಗ್ಗೆ ಸಾಯಿಮಾ ಜ್ವರದಲ್ಲಿ ನಲ್ಲಿಯ ಬುಡಕ್ಕೇ ಕುಸಿದಳು. ಬೀದರಿನ ದೊಡ್ಡ ಆಸ್ಪತ್ರೆಗೆ ಒಯ್ದರು. ಧಾರವಾಡ ಕಡೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ ಗುಂಡಮ್ಮನ ಕಡೆ ತಿರುಗಿದರು.

"ಸೋಂಕು ಗರ್ಭನಾಳದ ತನಕ ಏರೇತಿ. ಮೊದಲ ತಿಂಗಳೇ ಹೇಳಿದ್ರ ಗುಳಿಗಿಲೇ ಹೋಗ್ತಿತ್ತು. ಜೀವಕ್ಕ ಭಯ ಇಲ್ಲ, ಆದ್ರ ಮುಂದ ಕೂಸಾಗೋದು ಭಾಳ ಕಷ್ಟ. ಆಕಿಗೆ ತಿಳಿಸಿ ಹೇಳ್ರಿ."

"ಕ್ಯಾ ಬೋಲೇ ಆಪಾ?" ಸಾಯಿಮಾ ಅವಳ ಮುಖವನ್ನೇ ನೋಡುತ್ತಿದ್ದಳು.

ಕಾವಲಿಗೆ ಬಂದಿದ್ದ ನಂದಕುಮಾರ ಇಲ್ಲಿಯೂ ಬಾಗಿಲಲ್ಲೇ ಇದ್ದ. ಗುಂಡಮ್ಮ ಡಾಕ್ಟರಮ್ಮನ ಒಂದು ಮಾತನ್ನೂ ಬಿಡದೆ ದಖನಿಯಲ್ಲಿ ಹೇಳಿದಳು. ಆಮೇಲೆ ಮೂರು ತಿಂಗಳು ತಾನು ನುಂಗಿದ್ದನ್ನೂ ಹೇಳಿದಳು. ಹೇಳಿ ಮಂಚದ ಕಾಲಿನ ಬಳಿ ಕುಕ್ಕರಿಸಿದಳು.

ಸಾಯಿಮಾ ಡಾಕ್ಟರಮ್ಮನ ಕಡೆ ಹೊರಳಿ ಮುರುಕು ಕನ್ನಡದಲ್ಲಿ ತಾನೇ ಕೇಳತೊಡಗಿದಳು: "ಡಾಕ್ಟರಮ್ಮಾ, ನನಗ... ಬಿಳಿ ಹೋಗ್ತದರಿ... ಕೂಸು... ಒಂದಾದ್ರೂ ಆಗಲ್ಲೇನ್ರಿ?"

ಮಾತು ತೊದಲಿತು. ಎತ್ತಿ ಕೊಡಲು ಗುಂಡಮ್ಮ ಬಾಯಿ ತೆರೆದಳು. ಸಾಯಿಮಾ ತಿರುಗಿಯೂ ನೋಡದೆ ಕೈ ಎತ್ತಿ ತಡೆದಳು.