ನಮ್ಮ ಮನೆಯ ಇಲಿಗಳಿಗೆ ಕಿವಿ ಇದೆಯಂತೆ

ಗೆಳೆಯರೇ, ಇವತ್ತು ಇಲಿಗಳಿಗೆ ಬಾಯ್ತುಂಬ ಸುಳ್ಳು ಹೇಳಿದೆ. ಒಂಚೂರೂ ಬೇಸರವಿಲ್ಲ.

ಬೆಳಿಗ್ಗೆ ಮಗ್ಗಕ್ಕೆ ಕೂತರೆ, ಸೋಮವಾರ ಇಳಿಸಬೇಕಾದ ನಾರಾಯಣಪೇಟೆ ಸೀರೆಯ ಹಾಸಿನ ಉದ್ದೆಳೆಗಳು ಒಂದು ಮಗ್ಗುಲಿಗೆ ಪೂರ್ತಿ ಕಡಿದುಹೋಗಿವೆ. ನೂಲಿಗೆ ಹಚ್ಚಿದ ಗಂಜಿಯ ರುಚಿ ಇಲಿಗಳಿಗೆ ಗೊತ್ತು. ಅತ್ತೆ ಮಾತ್ರ ನನ್ನನ್ನೇ ಹಿಡಿದರು.

"ಬೋನು ಇಡ್ತೀನಂತ ನಿನ್ನಿ ಅಷ್ಟು ಜೋರಾಗಿ ಒದರಿದಿ, ಅವು ಕೇಳಿಸ್ಕೊಂಡಾವ. ಸಿಟ್ಟಿಗೆ ಕಡದಾವ. ಮನ್ಯಾಗ ಅವುಗಳ ಹೆಸರು ಎತ್ತಬಾರದಂತ ಎಷ್ಟು ಸಲ ಹೇಳಬೇಕು? ಕೈಮುಗಿದು ತಪ್ಪಾತು ಅನ್ನು."

ಕಡಿದ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕಾದವಳು ನಾನು. ತಪ್ಪಾಯಿತು ಅನ್ನಬೇಕಾದವಳೂ ನಾನೇ!

ನಡುಮನೆಯಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದೆ. "ಇಲಿಗಳಾ, ಕೇಳ್ರಿ! ಬೋನು ಅಡಗಿಮನ್ಯಾಗ ಐತಿ. ಮಗ್ಗದ ಗುಂಡ್ಯಾಗ ಏನೂ ಇಲ್ಲ, ಆರಾಮ ಬರ್ರಿ!"

ಆಮೇಲೆ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ, ನಾನು ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಲ್ಲೇ ಇಟ್ಟೆ.

ಮಧ್ಯಾಹ್ನ ಬೋನು ಟಪ್ಪೆಂದಿತು. ಒಳಗೆ ದಪ್ಪನೆಯ ಇಲಿ. ಅತ್ತೆ ಬಗ್ಗಿ ನೋಡಿ ಲೊಚಗುಟ್ಟಿದರು. "ಪಾಪ, ನಿನ್ನ ಮಾತು ನಂಬಿ ಬಂದೈತಿ ನೋಡು."

"ನಂಬ್ಲಿ ಬಿಡ್ರಿ ಅತ್ತಿ. ಹಾಸು ಕಡಿಯಾಗ ಅದು ನನ್ನ ಕೇಳಿತ್ತೇನ್ರಿ?"

ಬೋನು ಎತ್ತಿಕೊಂಡು ಹೋಗಿ ಊರಾಚೆಯ ಬೀಳಿನಲ್ಲಿ ಇಲಿಯನ್ನು ಬಿಟ್ಟು ಬಂದೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಅತ್ತಿತ್ತ ನೋಡಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಅಟ್ಟದ ಮ್ಯಾಲೂ ಅದಾವು. ಅವಕ್ಕೂ ಹಂಗ ಒಂದೀಟು ಒದರಿ ಹೇಳು."

ಸೊಸೆಯ ಬಾಯಿ ಜೋರು ಎಂದು ಓಣಿಯೆಲ್ಲ ಹೇಳಿಕೊಂಡು ಬಂದವರಿಗೆ ಇವತ್ತು ಅದೇ ಬಾಯಿ ಬೇಕಾಗಿದೆ.